ಬ್ಯಾಡ್ಜ್ ಯಾರಿಗಿದೆ?

ಮೈಸೂರಿನ ಒಂದು ಆಸ್ಪತ್ರೆಯ ಎಕ್ಸ್‌ರೇ ರೂಮಲ್ಲಿ ನಮ್ಮ ಕೇರಿ ಹುಡುಗ ಗುತ್ತಿಗೆ ಅಟೆಂಡರ್. ಅಳೋ ಮಕ್ಕಳನ್ನ, ನಡುಗೋ ಮುದುಕರನ್ನ ಹಿಡ್ಕೊಂಡು ನಿಲ್ಲೋನು ಅವನೇ.

ಟೆಕ್ನಿಷಿಯನ್ ಎದೆ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಇದೆ. ಮೂರು ತಿಂಗಳಿಗೊಮ್ಮೆ ಅದನ್ನ ಲ್ಯಾಬಿಗೆ ಕಳಿಸಿ, ಅವರಿಗೆ ಎಷ್ಟು ವಿಕಿರಣ ತಾಗಿತು ಅಂತ ಲೆಕ್ಕ ಇಡ್ತಾರೆ. ಇವನಿಗೆ ಬ್ಯಾಡ್ಜೂ ಇಲ್ಲ, ಸೀಸದ ಏಪ್ರನ್ನೂ ಇಲ್ಲ.

ಒಂದು ಎಕ್ಸ್‌ರೇಯಿಂದ ತಾಗೋದು ತೀರಾ ಕಮ್ಮಿ, ಹೆದರಿಸೋಕೆ ಬರೀತಿಲ್ಲ. ಆದ್ರೆ ದಿನಾ ನಿಲ್ಲೋನ ಕಥೆ? ವಿಕಿರಣ ಕೆಲಸಗಾರರಿಗೆ ಎಇಆರ್‌ಬಿ ಮಿತಿ ಹಾಕಿದೆ: ಐದು ವರ್ಷದ ಸರಾಸರಿ, ವರ್ಷಕ್ಕೆ 20 ಮಿಲಿಸೀವರ್ಟ್. ಅಳೆಯದೇ ಬಿಟ್ಟವನು ಮಿತಿ ದಾಟಿದ್ರೂ ಯಾರಿಗೆ ಗೊತ್ತಾಗುತ್ತೆ?

ಅಳೆಯೋದೇ ಮೆಡಿಕಲ್ ಫಿಸಿಸಿಸ್ಟ್‌ಗಳ ಕೆಲಸ. ಸಾರ್, ಮೇಡಂ, ಮೆಷಿನ್ ಜೊತೆ ಪಕ್ಕದಲ್ಲಿ ನಿಂತವನನ್ನೂ ನೋಡಿ. ಮಗುವನ್ನ ಅವರಪ್ಪ ಏಪ್ರನ್ ಹಾಕ್ಕೊಂಡು ಹಿಡೀಲಿ. ಇವನನ್ನೇ ನಿಲ್ಲಿಸ್ತೀರಾ? ಮೊದಲು ಬ್ಯಾಡ್ಜ್ ಕೊಡಿ, ಏಪ್ರನ್ ಕೊಡಿ.