ೞಕಾರದ ಹೆಸರು: ಪರಂಪರೆಯ ಬಳಕೆ ಮತ್ತು ಪರಂಪರೆಯ ಓದು

ಕನ್ನಡದ ೞಕಾರಕ್ಕೆ ಗಣಕಲೋಕದಲ್ಲಿ ವಿಚಿತ್ರವಾದ ಒಂದು ಹೆಸರಿದೆ. ಜಗತ್ತಿನ ಲಿಪಿಗಳಿಗೆ ಸಂಕೇತಸಂಖ್ಯೆಗಳನ್ನು ಗೊತ್ತುಪಡಿಸುವ ಯೂನಿಕೋಡ್ ಶಿಷ್ಟತೆಯು ಅದನ್ನು ಇಂಗ್ಲಿಷಿನ ಎಫ್ ಧ್ವನಿಯ ಅಕ್ಷರವೆಂಬಂತೆ ‘ಕನ್ನಡ ಲೆಟರ್ ಎಫ್‌ಎ’ ಎಂದು ದಾಖಲಿಸಿದೆ. ತಪ್ಪು ತಿಳಿದುಬಂದ ಮೇಲೆ ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಸೇರಿಸಲಾಯಿತು. ಆದರೆ ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಾಯಿಸಬಾರದೆಂಬುದು ಆ ಶಿಷ್ಟತೆಯ ನಿಯಮ. ಹೀಗಾಗಿ ಮೂಲ ಹೆಸರು ಹಾಗೆಯೇ ಉಳಿದಿದೆ. ತಮಿಳಿನಲ್ಲಿಯೂ ಮಲಯಾಳದಲ್ಲಿಯೂ ಇದೇ ಧ್ವನಿಯ ಅಕ್ಷರ ವ್ಯಂಜನಗಳ ಸಾಲಿನ ಒಳಗೇ ಕುಳಿತಿದೆ. ಕನ್ನಡದ ಪಟ್ಟಿಯಲ್ಲಿ ಆ ಸ್ಥಾನ ಬರಿದಾಗಿದ್ದು, ನಮ್ಮ ೞಕಾರ ಸಾಲಿನಾಚೆ ಒಂಟಿಯಾಗಿ ನಿಂತಿದೆ.

ಇದನ್ನು ತಂತ್ರಜ್ಞರ ಸಣ್ಣ ಪ್ರಮಾದವೆಂದು ಬದಿಗಿಡಬಹುದು. ಆದರೆ ಹಳಗನ್ನಡ ಬಲ್ಲ ಒಬ್ಬರ ಕಣ್ಣು ಸಕಾಲದಲ್ಲಿ ಬಿದ್ದಿದ್ದರೆ ತಪ್ಪಿಹೋಗುತ್ತಿದ್ದ ಪ್ರಮಾದವಿದು. 13ನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ರಳ, ಕುಳ, ಕ್ಷಳಗಳ ಭೇದವನ್ನು ವಿಸ್ತಾರವಾಗಿ ನಿರೂಪಿಸಿ, ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿಕೊಟ್ಟಿದ್ದಾನೆ. ಆಡುಮಾತಿನಿಂದ ಸರಿದುಹೋಗುತ್ತಿದ್ದ ಅಕ್ಷರವೊಂದರ ದಾಖಲೆ ಅದು. ಏಳು ಶತಮಾನಗಳ ಹಿಂದೆ ಒಬ್ಬ ವಿದ್ವಾಂಸ ವಹಿಸಿದ ಎಚ್ಚರವನ್ನು ನಮ್ಮ ಕಾಲ ವಹಿಸಲಿಲ್ಲ. ಪರಂಪರೆಯನ್ನು ಆಧುನಿಕ ವಿನ್ಯಾಸಕ್ಕೂ ಶಿಕ್ಷಣಕ್ಕೂ ತರಬೇಕೆಂಬ ಮಾತು ಎಲ್ಲೆಡೆ ಕೇಳಿಬರುತ್ತಿರುವ ಈ ಹೊತ್ತಿನಲ್ಲಿ, ತರುವವರು ಅದನ್ನು ಓದಿದ್ದಾರೆಯೇ ಎಂದು ಮೊದಲು ಕೇಳಬೇಕಾಗಿದೆ.

ಇಂದು ಕಾಣುವ ಬಳಕೆಯ ಬಹುಭಾಗ ಅಲಂಕಾರದ್ದು. ಹೊಯ್ಸಳ ಭಿತ್ತಿಯ ಬಳ್ಳಿ ಮದುವೆಯ ಕರೆಯೋಲೆಯ ಅಂಚಿಗೆ ಬರುತ್ತದೆ. ಶಾಸನದ ಅಕ್ಷರಗಳ ಛಾಯಾಚಿತ್ರ ಹೋಟೆಲಿನ ಗೋಡೆಯನ್ನು ತುಂಬುತ್ತದೆ; ಅದು ದಾನಶಾಸನವೋ, ಸಲ್ಲೇಖನದಿಂದ ಮುಡಿಪಿದವರ ನಿಸಿದಿಯೋ ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ಒಬ್ಬ ತಪಸ್ವಿಯ ಮರಣದ ಸ್ಮಾರಕ ಭೋಜನಶಾಲೆಯ ಶೋಭೆಯಾಗಬಹುದೆಂಬ ಅಳುಕು ಕೂಡ ಇರುವುದಿಲ್ಲ. ವಿನ್ಯಾಸಕಾರರಲ್ಲಿ ಗೌರವದ ಕೊರತೆಯಿದೆಯೆಂದು ನಾನು ಹೇಳಲಾರೆ. ಅವರ ಮುಂದೆ ಇರುವುದು ಆಕಾರ ಮಾತ್ರ. ಅರ್ಥವನ್ನು ಒದಗಿಸಬೇಕಾಗಿದ್ದವರು ಕನ್ನಡ ವಿಭಾಗಗಳಲ್ಲಿರುವ ನಾವು, ಮತ್ತು ಅವರಿಗೂ ನಮಗೂ ನಡುವೆ ಮಾತುಕತೆಯೇ ಇಲ್ಲ.

ಜೈನ ಪರಂಪರೆಗೆ ಈ ಇಕ್ಕಟ್ಟು ಹೊಸತಲ್ಲ. ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯ ಪ್ರಾಚೀನ ತಾಡವೋಲೆಗಳು ಉಳಿದುಬಂದದ್ದು ಮೂಡುಬಿದಿರೆಯಲ್ಲಿ. ಪ್ರಾಕೃತ, ಸಂಸ್ಕೃತಗಳ ಆ ಗ್ರಂಥವನ್ನು ಕಾಪಾಡಿದ ಲಿಪಿ ಕನ್ನಡ. 12ನೆಯ ಶತಮಾನದ ಆ ಗರಿಗಳಲ್ಲಿ ಚಿತ್ರಗಳೂ ಇವೆ. ಆದರೆ ದೀರ್ಘಕಾಲ ಯಾತ್ರಿಕರಿಗೆ ಅವು ದರ್ಶನದ ವಸ್ತುವಾಗಿದ್ದವು; ದೂರದಿಂದ ನೋಡಿ ಕೈಮುಗಿಯುವುದಷ್ಟೇ ಸಾಧ್ಯವಿತ್ತು. ಪ್ರತಿಗಳು ಹೊರಬಂದು, ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ ಸಂಪುಟಗಳು ಅಚ್ಚಾಗತೊಡಗಿದ ಮೇಲೆಯೇ ಅದು ವಿದ್ವಲ್ಲೋಕದ ಓದಿಗೆ ದಕ್ಕಿತು. ಭಕ್ತಿಯು ಗ್ರಂಥವನ್ನು ಉಳಿಸಿತು, ನಿಜ. ಆದರೆ ಶಾಸ್ತ್ರವು ಆಭ್ಯಂತರ ತಪಸ್ಸುಗಳಲ್ಲಿ ಒಂದೆಂದು ಎಣಿಸಿರುವುದು ಸ್ವಾಧ್ಯಾಯವನ್ನು. ಶ್ರುತಪಂಚಮಿಯಂದು ಶಾಸ್ತ್ರವನ್ನು ಪೂಜಿಸಿ ಮರುದಿನ ಕಟ್ಟು ಬಿಚ್ಚದಿದ್ದರೆ ಪೂಜೆ ಅರ್ಧವೇ. ಗೋಡೆಯ ಮೇಲಿನ ಶಾಸನಚಿತ್ರ ಈ ದೂರದರ್ಶನದ ಆಧುನಿಕ ರೂಪವೆನ್ನಬಹುದು.

ಓಲೆಗರಿಯನ್ನು ಓದುವವನಿಗೆ ವಿನ್ಯಾಸದ ಪಾಠ ಅಲ್ಲಿಯೇ ಸಿಗುತ್ತದೆ. ಗರಿಯ ಅಗಲ ಕೆಲವೇ ಅಂಗುಲ. ಆದ್ದರಿಂದ ಸಾಲು ಉದ್ದವಾಗಲೇಬೇಕು. ಕಟ್ಟಲು ದಾರ ಬೇಕು. ಆದ್ದರಿಂದ ರಂಧ್ರದ ಸುತ್ತ ಬರಹವಿಲ್ಲದ ಜಾಗ ಬಿಡಬೇಕು. ಆ ಬಿಡುವೇ ಬರಹವನ್ನು ಅಂಕಣಗಳಾಗಿ ವಿಭಾಗಿಸುತ್ತದೆ. ಕಂಟದಿಂದ ಕೊರೆಯುವಾಗ ಗರಿಯ ನಾರಿನುದ್ದಕ್ಕೂ ನೇರಗೆರೆ ಎಳೆದರೆ ಎಲೆ ಸೀಳಬಹುದು. ದುಂಡು ತಿರುವುಗಳಿಗೆ ಆ ಭಯ ಕಡಿಮೆ. ಕಲ್ಲಿನ ಮೇಲೆ ಉಳಿಯ ನ್ಯಾಯವೇ ಬೇರೆ. ಸಾಮಗ್ರಿ, ಉಪಕರಣ, ಉದ್ದೇಶ ಈ ಮೂರೂ ಕೂಡಿ ರೂಪವನ್ನು ನಿರ್ಣಯಿಸುವ ಬಗೆಯನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಠ್ಯ ಯಾವುದಿದೆ? ವಿನ್ಯಾಸ ಶಾಲೆಯ ವಿದ್ಯಾರ್ಥಿ ಗರಿಯಿಂದ ಕದಿಯಬೇಕಾದದ್ದು ಈ ವಿವೇಕವನ್ನು. ಆಗ ಅವನು ಪರದೆಯ ಮೇಲಿನ ಅಕ್ಷರಕ್ಕೆ ಪರದೆಯ ನ್ಯಾಯವನ್ನು ತಾನೇ ಕಂಡುಕೊಂಡಾನು.

ವಿನ್ಯಾಸವಿಮರ್ಶೆಯೂ ನಮ್ಮಲ್ಲಿ ಇಲ್ಲದ್ದಲ್ಲ. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಸನ್ನಿಧಿಯ ಬೊಪ್ಪಣನ ಶಾಸನಕಾವ್ಯವು ಆ ಮೂರ್ತಿಯ ಔನ್ನತ್ಯ, ಸೌಂದರ್ಯ, ಅತಿಶಯ ಈ ಮೂರನ್ನೂ ಬೇರೆಬೇರೆಯಾಗಿ ಪರಿಶೀಲಿಸಿ, ಸಾಮಾನ್ಯವಾಗಿ ಒಂದೆಡೆ ಕೂಡದ ಈ ಗುಣಗಳು ಇಲ್ಲಿ ಕೂಡಿವೆಯೆಂದು ವಾದಿಸುತ್ತದೆ. ಗಾತ್ರ ಹೆಚ್ಚಿದಷ್ಟೂ ಚೆಲುವಿಗೆ ಅಪಾಯವೆಂಬ ತಿಳಿವಳಿಕೆ ಆ ಹೊಗಳಿಕೆಯ ಹಿಂದಿದೆ. ಎತ್ತರದ ಸ್ಪರ್ಧೆಗೆ ಬಿದ್ದ ಇಂದಿನ ಪ್ರತಿಮಾನಿರ್ಮಾಪಕರು ಆ ಶಾಸನವನ್ನು ಒಮ್ಮೆ ಓದಿಸಿಕೊಂಡು ಕೇಳುವುದು ಒಳ್ಳೆಯದು. ಅದೇ ಕ್ಷೇತ್ರದ ಶಾಸನಗಳನ್ನು ಕುರಿತ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟದಲ್ಲಿ 1889ರಲ್ಲಿ ಬಿ. ಎಲ್. ರೈಸ್ 144 ಶಾಸನಗಳನ್ನು ಪ್ರಕಟಿಸಿದರು. 1923ರ ಪರಿಷ್ಕರಣದಲ್ಲಿ ಆರ್. ನರಸಿಂಹಾಚಾರ್ಯರು ಆ ಸಂಖ್ಯೆಯನ್ನು 500ಕ್ಕೆ ಏರಿಸಿದರು. ಬೆಟ್ಟ ಅದೇ, ಬಂಡೆ ಅದೇ. ಹೆಚ್ಚಿದ್ದು ಓದುವ ಶ್ರಮ.

ಇನ್ನು ಶಿಕ್ಷಣದ ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ‘ಭಾರತೀಯ ಜ್ಞಾನ ಪರಂಪರೆ’ ಎಂಬ ಪದಪುಂಜ ಪಠ್ಯಕ್ರಮಗಳಲ್ಲಿ ಬಳಕೆಗೆ ಬಂದಿದೆ. ಉದ್ದೇಶ ಸ್ವಾಗತಾರ್ಹ. ಅಪಾಯವೆಂದರೆ ಪರಂಪರೆಯನ್ನು ಪ್ರಶಂಸೆಯ ವಿಷಯವಾಗಿ ಮಾತ್ರ ಕಲಿಸುವುದು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ವನ್ನೇ ನೋಡೋಣ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಆತ ಸ್ಪಷ್ಟವಾಗಿ ಹೇಳುತ್ತಾರೆ. ಭಿನ್ನರಾಶಿಗಳ ಸಂಕಲನಕ್ಕೆ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಬಳಸುತ್ತಾರೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಉಳಿಯುತ್ತದೆಂದೂ ಹೇಳುತ್ತಾರೆ. ಈ ಮಾತು ಸರಿಯಲ್ಲ. ಮೊದಲೆರಡನ್ನು ಹೇಳಿ ಮೂರನೆಯದನ್ನು ಮರೆಮಾಚುವ ಅಧ್ಯಾಪಕನು ಮಹಾವೀರಾಚಾರ್ಯರಿಗೆ ಉಪಕಾರ ಮಾಡಿದಂತಾಗುವುದಿಲ್ಲ. ಮೂರನ್ನೂ ತರಗತಿಯ ಮುಂದಿಟ್ಟು, ಆ ಮೂರನೆಯದು ಏಕೆ ತಪ್ಪೆಂದು ವಿದ್ಯಾರ್ಥಿಗಳಿಂದಲೇ ಹೇಳಿಸುವವನು ಗಣಿತವನ್ನೂ ಕಲಿಸುತ್ತಾನೆ, ಪರಂಪರೆಯನ್ನೂ ಜೀವಂತವಾಗಿಡುತ್ತಾನೆ. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದ. ಗಣಿತ ವಿಭಾಗವೂ ಕನ್ನಡ ವಿಭಾಗವೂ ಕೂಡಿ ಪಾಠಮಾಡಬಹುದಾದ ಇಂತಹ ಕೃತಿಗಳು ಗ್ರಂಥಾಲಯದ ಅಂಕಣದಲ್ಲಿಯೇ ಉಳಿದಿವೆ.

ಇಲ್ಲೊಂದು ಆಕ್ಷೇಪಕ್ಕೆ ಉತ್ತರಿಸಬೇಕು. ಕಲೆಗಾರನಿಗೆ ಸ್ವಾತಂತ್ರ್ಯವಿದೆ, ಪರಂಪರೆ ಉಳಿದದ್ದೇ ಬದಲಾಗುತ್ತ ಬಂದುದರಿಂದ, ಅಕ್ಷರವೊಂದನ್ನು ಬಳಸಲು ಕೇಶಿರಾಜನನ್ನು ಓದಿರಬೇಕೆಂಬುದು ಪಂಡಿತರ ಕಾವಲುಗಾರಿಕೆಯಲ್ಲವೇ ಎಂದು ಕೇಳಬಹುದು. ಬದಲಾವಣೆಯ ಹಕ್ಕನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಕದಂಬರ ಕಾಲದ ಅಕ್ಷರದಿಂದ ಹೊಯ್ಸಳರ ಕಾಲದ ಅಕ್ಷರಕ್ಕೆ ಬಂದುದು ಬದಲಾವಣೆಯಿಂದಲೇ. ಆದರೆ ಆ ಬದಲಾವಣೆಗಳನ್ನು ಮಾಡಿದ ಲಿಪಿಕಾರರಿಗೂ ಕಂಡರಣಕಾರರಿಗೂ ತಾವು ಬದಲಾಯಿಸುತ್ತಿದ್ದ ರೂಪದ ನಿತ್ಯಪರಿಚಯವಿತ್ತು. ತಿಳಿದು ಬಿಡುವುದು ಬೇರೆ, ತಿಳಿಯದೆ ಕಳೆದುಕೊಳ್ಳುವುದು ಬೇರೆ.

ಕಳೆದುಕೊಳ್ಳುವುದೆಂದರೆ ಏನೆಂಬುದಕ್ಕೆ ಅಂತರ್ಜಾಲದ ಹಳಗನ್ನಡ ಪಠ್ಯಗಳೇ ಸಾಕ್ಷಿ. ಹಲವೆಡೆ ೞಕಾರವಿರಬೇಕಾದಲ್ಲಿ ಳಕಾರವನ್ನೂ, ಱಕಾರವಿರಬೇಕಾದಲ್ಲಿ ರಕಾರವನ್ನೂ ಹಾಕಿ ಮುಗಿಸಲಾಗಿದೆ. ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ. ‘ಆೞ್’ ಎಂದರೆ ಮುಳುಗು, ‘ಆಳ್’ ಎಂದರೆ ಆಳ್ವಿಕೆ ನಡೆಸು. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ಈ ಭೇದ ಅಳಿಸಿದರೆ ಪ್ರಾಸದ ಲೆಕ್ಕವೂ ತಪ್ಪುತ್ತದೆ, ನಿಘಂಟಿನ ಹುಡುಕಾಟವೂ ದಿಕ್ಕುತಪ್ಪುತ್ತದೆ. ಇಂತಹ ಪಠ್ಯವನ್ನೇ ಪ್ರಮಾಣವೆಂದು ನಂಬಿದ ಸಂಶೋಧನ ವಿದ್ಯಾರ್ಥಿ ಇಲ್ಲದ ಪಾಠಾಂತರಗಳನ್ನು ಗುರುತಿಸುತ್ತ ಕೂರಬೇಕಾಗುತ್ತದೆ. ಇನ್ನು ಯಂತ್ರಗಳಿಗೆ ಭಾಷೆ ಕಲಿಸುವವರೂ ಇಂತಹ ಪಠ್ಯಗಳನ್ನೇ ಉಣಿಸಿದರೆ ತಪ್ಪು ಬಹುಗುಣಿತವಾಗುವುದು ಖಚಿತ. ಅಡ್ಡಿ ತಂತ್ರಜ್ಞಾನದ್ದಲ್ಲ. ಹಳೆಯ ಬರಹಗಳಲ್ಲಿ ಸ್ವರರಹಿತ ನಕಾರಕ್ಕಿದ್ದ ವಿಶಿಷ್ಟ ರೂಪವಾದ ‘ನಕಾರ ಪೊಲ್ಲು’ 2021ರಲ್ಲಿ ಯೂನಿಕೋಡಿಗೆ ಸೇರಿತು. ಅರಿತವರು ಕೇಳಿದರೆ ಬಾಗಿಲು ತೆರೆಯುತ್ತದೆ.

ಆದ್ದರಿಂದ ನನ್ನ ಸಲಹೆಗಳು ದುಬಾರಿಯವಲ್ಲ. ಪದವಿ ತರಗತಿಯ ಪ್ರತಿಯೊಬ್ಬ ಕನ್ನಡ ವಿದ್ಯಾರ್ಥಿಯೂ ತನ್ನ ಕಾಲೇಜಿನ ಆಸುಪಾಸಿನ ಒಂದು ಶಾಸನವನ್ನು ಸ್ಥಳದಲ್ಲಿಯೇ ನೋಡಿ, ಅದರ ಪಡಿಯಚ್ಚನ್ನೋ ಛಾಯಾಚಿತ್ರವನ್ನೋ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರವಾಗಿ ಓದಲಿ, ಅದಕ್ಕೆ ಅಂಕಗಳಿರಲಿ. ವಿನ್ಯಾಸ ಶಾಲೆಗಳು ಕನ್ನಡ ಅಕ್ಷರರೂಪವನ್ನು ಕಲಿಸುವಾಗ ಹಳಗನ್ನಡ ಬಲ್ಲ ಅಧ್ಯಾಪಕರನ್ನು ಉದ್ಘಾಟನೆಗಲ್ಲ, ಪಾಠಕ್ಕೆ ಕರೆಯಲಿ. ಹೊಸ ಫಾಂಟ್ ರೂಪಿಸುವವರು ೞ, ಱ, ನಕಾರ ಪೊಲ್ಲುಗಳನ್ನೂ ಅವುಗಳ ಒತ್ತಕ್ಷರಗಳನ್ನೂ ಕೈಬಿಡದಿರಲಿ. ಪ್ರಾಚೀನ ಕಾವ್ಯಗಳನ್ನು ಗಣಕಕ್ಕೆ ಏರಿಸುವವರು ಮೂಲದ ಅಕ್ಷರವನ್ನೇ ಉಳಿಸಲಿ. ಸರಳಗೊಳಿಸಿದ್ದರೆ ಹಾಗೆಂದು ಮುಖಪುಟದಲ್ಲಿ ಹೇಳಲಿ.

ಇವುಗಳಲ್ಲಿ ಮೊದಲನೆಯದು ನಮ್ಮ ಕೈಯಲ್ಲಿಯೇ ಇದೆ. ಶಾಸನವನ್ನು ಓದಬಲ್ಲ ಅಧ್ಯಾಪಕರು ನಿವೃತ್ತರಾಗುತ್ತಿದ್ದಾರೆ, ಲಿಪಿಶಾಸ್ತ್ರವು ಪ್ರಶ್ನಪತ್ರಿಕೆಯ ಐಚ್ಛಿಕ ಮೂಲೆಗೆ ಸರಿದಿದೆ. ನಮ್ಮ ವಿದ್ಯಾರ್ಥಿಗಳೇ ಓದಲಾರದ ಅಕ್ಷರವನ್ನು ವಿನ್ಯಾಸಕಾರನು ಸರಿಯಾಗಿ ಬಳಸಲಿಲ್ಲವೆಂದು ದೂರುವ ಅಧಿಕಾರ ನಮಗೆ ಬಹುಕಾಲ ಉಳಿಯುವುದಿಲ್ಲ.