ಲುಂಡ್‌ಗೆ ಹೋಗುವ ಮುನ್ನ ಮೈಸೂರು ನೆನಪಿರಲಿ

ಹಾಲಿನಲ್ಲಿ ಪ್ರೋಟೀನು, ಕೊಬ್ಬು ಎರಡೂ ನೀರಿನ ತುಂಬ ಹರಡಿರುತ್ತವೆ. ಮೃದುವಸ್ತುಗಳ ಹಿಂದೆ ಬಿದ್ದ ಭೌತವಿಜ್ಞಾನಿಗಳು ಇಂಥ ಮಿಶ್ರಣದ ಮೂಲಕ ನ್ಯೂಟ್ರಾನ್ ಹಾಯಿಸಿ, ಅವು ಯಾವ ಕೋನಕ್ಕೆ ಎಷ್ಟು ಚದುರಿದವು ಎಂದು ಅಳೆಯುತ್ತಾರೆ. ಅದರಲ್ಲೊಂದು ಸೊಗಸಾದ ಕೈಚಳಕವಿದೆ. ನೀರಿನಲ್ಲಿ ನೂರಕ್ಕೆ ಸುಮಾರು 40 ಪಾಲು ಭಾರಜಲವಿದ್ದರೆ ಪ್ರೋಟೀನು ನ್ಯೂಟ್ರಾನ್‌ಗಳ ಪಾಲಿಗೆ ಮಾಯ! ಕಾಣುವುದು ಕೊಬ್ಬು ಮಾತ್ರ. ಭಾರಜಲದ ಪಾಲು ಬದಲಿಸಿ ಕೊಬ್ಬನ್ನೂ ಹಾಗೆಯೇ ಮರೆಮಾಡಬಹುದು.

ಆದರೆ ನ್ಯೂಟ್ರಾನ್ ಅಂಗಡಿಯಲ್ಲಿ ಸಿಗುವುದಿಲ್ಲ. ಅದಕ್ಕೆ ರಿಯಾಕ್ಟರ್ ಬೇಕು, ಇಲ್ಲವೇ ಭಾರೀ ವೇಗವರ್ಧಕ ಬೇಕು. ಹಾಗಾಗಿ ಈ ವಿದ್ಯೆಯವರದು ಯಂತ್ರವಿದ್ದಲ್ಲಿಗೆ ಅಲೆಯುವ ಬದುಕು. ಹಾಲಿನಂಥ ಮಿಶ್ರಣಗಳಾದ ಕೊಲಾಯ್ಡ್‌ಗಳನ್ನು, ದ್ರವದ ಮೇಲ್ಮೈಗಳನ್ನು ಅಭ್ಯಾಸ ಮಾಡಿದ ಏಡ್ರಿಯನ್ ರೆನ್ನಿ ಗ್ರೆನೋಬ್ಲ್, ಲಂಡನ್ ದಾಟಿ ಸ್ವೀಡನ್ನಿನ ಉಪ್ಸಲಾ ಸೇರಿದರು. ಕೊಲಾಯ್ಡ್ ಸಂಶೋಧನೆಗೆ ಅದು ಹಳೆಯ ಊರು. ಅಲ್ಲಿನ ತೆಯೊಡೋರ್ ಸ್ವೆಡ್‌ಬೆರಿಗೆ 1926ರ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಇದೇ ಬಗೆಯ ಕೆಲಸಕ್ಕೆ.

ಸ್ವೀಡನ್ನಿನಿಂದ ಕಲಿಯಬೇಕಾದದ್ದು ಇಲ್ಲಿದೆ. 2005ರಲ್ಲಿ ಸ್ಟೂಡ್ಸ್‌ವಿಕ್‌ನ ರಿಯಾಕ್ಟರ್ ಮುಚ್ಚಿತು. ಲುಂಡ್‌ನಲ್ಲಿ ಯುರೋಪಿಯನ್ ಸ್ಪಾಲೇಶನ್ ಸೋರ್ಸ್ ಎಂಬ ನ್ಯೂಟ್ರಾನ್ ಯಂತ್ರ ಕಟ್ಟಲು ಶುರುವಾದದ್ದು 2014ರಲ್ಲಿ. ಅದರ ವೇಳಾಪಟ್ಟಿಯೂ ಮತ್ತೆ ಮತ್ತೆ ಮುಂದೆ ಹೋಯಿತು (ಇಂಥ ವಿಳಂಬ ನಮ್ಮ ದೇಶದ್ದೇ ಸ್ವತ್ತು ಅಂದುಕೊಂಡವರು ಗಮನಿಸಬೇಕು). ಮನೆಯಲ್ಲಿ ನ್ಯೂಟ್ರಾನ್ ಇಲ್ಲವೆಂದು ಆ ದೇಶ ಕೈಕಟ್ಟಿ ಕೂರಲಿಲ್ಲ. ಸಂಶೋಧಕರು ಹೊರದೇಶದ ಯಂತ್ರಗಳಲ್ಲಿ ಕೆಲಸ ಮುಂದುವರಿಸಿದರು. ವಿಶ್ವವಿದ್ಯಾಲಯಗಳು ಒಟ್ಟಾಗಿ 'ಸ್ವೆಡ್‌ನೆಸ್' ಎಂಬ ಡಾಕ್ಟರೇಟ್ ಶಾಲೆ ಕಟ್ಟಿ, ಯಂತ್ರ ಸಿದ್ಧವಾಗುವ ಮೊದಲೇ ಅದನ್ನು ಬಳಸಬಲ್ಲ ಹುಡುಗ ಹುಡುಗಿಯರನ್ನು ತಯಾರು ಮಾಡತೊಡಗಿದವು.

ನಮ್ಮಲ್ಲಿಯೂ ಮೃದುವಸ್ತುಗಳ ವಿದ್ಯೆಗೆ ಬೇರಿದೆ. ಎಸ್. ಚಂದ್ರಶೇಖರ್ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗಕ್ಕೆ ಬಂದು ದ್ರವ ಹರಳುಗಳ ಕೆಲಸ ಬೆಳೆಸಿದರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. 1977ರಲ್ಲಿ ಸದಾಶಿವ, ಸುರೇಶ್ ಜೊತೆಗೂಡಿ, ತಟ್ಟೆಯಾಕಾರದ ಅಣುಗಳು ನಾಣ್ಯ ಪೇರಿಸಿದಂತೆ ಕಂಬ ಕಟ್ಟುತ್ತವೆ ಎಂಬುದನ್ನು ಎಕ್ಸ್-ರೇ ವಿವರ್ತನೆಯಿಂದ ತೋರಿಸಿಕೊಟ್ಟರು. ಜಗತ್ತು ಅದುವರೆಗೆ ಕಂಡಿರದ ದ್ರವ ಹರಳಿನ ಬಗೆ ಅದು. ಪ್ರಕಟವಾದದ್ದು ಬೆಂಗಳೂರಿನದೇ ಪತ್ರಿಕೆ 'ಪ್ರಮಾಣ'ದಲ್ಲಿ.

ಭಾರತವೂ ಲುಂಡ್‌ನಂಥ ಯೋಜನೆಗೆ ಹಣ ಹಾಕಬೇಕೆಂಬ ವಾದ ತಪ್ಪಲ್ಲ, ಅವಸರದ್ದು. ಟ್ರಾಂಬೆಯ ಧ್ರುವ ರಿಯಾಕ್ಟರ್ 1985ರಿಂದ ಇದೆ, ಎಕ್ಸ್-ರೇ ಬೇಕೆಂದರೆ ಇಂದೋರ್‌ನಲ್ಲಿ ಇಂಡಸ್-2 ವೇಗವರ್ಧಕ ಇದೆ. ಮೈಸೂರು, ಧಾರವಾಡ, ಕಲಬುರಗಿಯ ಸಂಶೋಧನಾ ವಿದ್ಯಾರ್ಥಿಗಳಿಗೆ ಅಲ್ಲಿಗೆ ಹೋಗಿ ಬರುವ ಖರ್ಚು, ಮಾಪನ ಮುಗಿದ ಮೇಲೆ ಅಂಕಿಅಂಶ ಬಿಡಿಸಲು ಕಲಿಸುವ ಗುರುಗಳು, ಖಾಲಿ ಬಿದ್ದ ಅಧ್ಯಾಪಕ ಹುದ್ದೆಗಳಿಗೆ ನೇಮಕಾತಿ, ಇಷ್ಟನ್ನು ರಾಜ್ಯ ಸರ್ಕಾರ ಮುಂದಿನ ಬಜೆಟ್ಟಿನಲ್ಲೇ ಶುರು ಮಾಡಬಹುದು.