ಕಾಡಂಚಿನಲ್ಲಿ ಸಾಕುನಾಯಿಗೊಂದು ಹಾದಿ: ಬೇಕೇ, ಬೇಡವೇ?

ಶಿವಮೊಗ್ಗ, ಭದ್ರಾವತಿ ಎರಡೂ ಕಾಡಿಗೆ ಆತುಕೊಂಡ ಊರುಗಳು. ತೀರ್ಥಹಳ್ಳಿ ರಸ್ತೆ ಹಿಡಿದರೆ ಶೆಟ್ಟಿಹಳ್ಳಿ ಅಭಯಾರಣ್ಯ, ಬಿಆರ್‌ಪಿ (ಭದ್ರಾ ನದಿ ಯೋಜನೆ) ಕಡೆ ತಿರುಗಿದರೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಘಟ್ಟದ ಕಡೆ ಇನ್ನೂ ಮುಂದೆ ಹೋದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಇವುಗಳೊಳಗೆ ಸಾಕುನಾಯಿ ಬೇಡ ಎನ್ನುವುದರಲ್ಲಿ ಇಲ್ಲಿ ವಾದಿಸುವ ಇಬ್ಬರಿಗೂ ತಕರಾರಿಲ್ಲ. ಜಗಳ ಇರುವುದು ಗಡಿಯ ಹೊರಗಿನ ನೆಲದ ಬಗ್ಗೆ. ಕಾಡಂಚಿನ ಕೆಲವು ಹಾದಿಗಳನ್ನು ನಾಯಿಯೊಂದಿಗಿನ ನಡಿಗೆಗೆಂದು ಗುರುತಿಸಿ, ನಿಯಮ ಹಾಕಿ ತೆರೆದುಕೊಡಬೇಕೇ?

ಪರ: ಹಾದಿ ತೋರಿಸಿ, ಆಮೇಲೆ ದಂಡ ಹಾಕಿ

ಭಾನುವಾರ ಬೆಳಗ್ಗೆ ಶಿವಮೊಗ್ಗದ ವಿನೋಬನಗರದಿಂದಲೋ ಭದ್ರಾವತಿಯ ನ್ಯೂಟೌನ್‌ನಿಂದಲೋ ನಾಯಿಯನ್ನು ಕಾರಿನ ಹಿಂದಿನ ಸೀಟಿಗೆ ಹತ್ತಿಸಿಕೊಂಡು ಹೊರಟವರಿಗೆ ಎಲ್ಲಿಗೆ ಹೋಗಬಾರದು ಎಂದು ಹೇಳುವವರು ಬೇಕಾದಷ್ಟಿದ್ದಾರೆ. ಎಲ್ಲಿಗೆ ಹೋಗಬಹುದು ಎಂದು ಹೇಳುವವರು ಒಬ್ಬರೂ ಇಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಸರ್ಕಾರ ಚಾರಣಗಳಿಗೆ ಆನ್‌ಲೈನ್ ಟಿಕೆಟ್ ಮಾಡಿ, ದಿನಕ್ಕೆ ಇಂತಿಷ್ಟೇ ಜನ ಎಂದು ಮಿತಿ ಹಾಕಿತು. ಒಳ್ಳೆಯ ಕೆಲಸ, ಅಂಥ ಜನಜಂಗುಳಿಯ ಹಾದಿಗಳಿಗೆ ನಾಯಿ ಬೇಡ. ಕೊಡಚಾದ್ರಿ ಮೂಕಾಂಬಿಕಾ ಅಭಯಾರಣ್ಯದೊಳಗಿದೆ, ಅಲ್ಲಿಗೂ ನಾಯಿ ಬೇಡ. ಕುಂದಾದ್ರಿಯ ನೆತ್ತಿಯಲ್ಲಿ ಜೈನ ಬಸದಿ ಇದೆ, ನಾಯಿ ಹಿಡಿದು ಹೋದರೆ ಭಕ್ತರ ಮನಸ್ಸಿಗೆ ಸರಿಬರುವುದಿಲ್ಲ. ಇದೂ ಒಪ್ಪುವ ಮಾತೇ.

ಹೀಗೆ ಒಂದೊಂದನ್ನೇ ಕಳೆದುಕೊಂಡು ಬಂದರೆ ಕೊನೆಗೆ ಉಳಿಯುವುದು ಯಾರ ಲೆಕ್ಕಕ್ಕೂ ಸಿಗದ ಜಾಗಗಳು: ಗಾಜನೂರು ಹಿನ್ನೀರಿನ ದಂಡೆ, ಬಿಆರ್‌ಪಿ ರಸ್ತೆ ಪಕ್ಕದ ಹಳು, ಯಾವುದೋ ತೋಟದ ಹಿಂದಿನ ಕಾಲುದಾರಿ. ಜನ ಅಲ್ಲಿಗೇ ಹೋಗುತ್ತಾರೆ. ಅಲ್ಲಿ ಬೋರ್ಡಿಲ್ಲ, ಗಾರ್ಡಿಲ್ಲ, ಬೆಲ್ಟ್ ಬಿಚ್ಚಬೇಡಿ ಎನ್ನುವವರಿಲ್ಲ. ಗುರುತಿಸಿದ ಹಾದಿ ಕೊಡದೇ ಇರುವುದರಿಂದ ಕಾಡಿಗೆ ನಾಯಿ ಹೋಗುವುದು ತಪ್ಪಿಲ್ಲ, ಹೋಗಿದ್ದು ಇಲಾಖೆಗೆ ಗೊತ್ತಾಗುವುದು ಮಾತ್ರ ತಪ್ಪಿದೆ.

ಊರಿನೊಳಗೇ ನಡೆಸಿ ಎನ್ನುವವರು ಒಮ್ಮೆ ಸಂಜೆ ಏಳು ಗಂಟೆಗೆ ನಾಯಿ ಹಿಡಿದು ಗೋಪಾಳದ ಅಡ್ಡರಸ್ತೆಗಳಲ್ಲಿ ಸುತ್ತಿ ನೋಡಲಿ. ಪ್ರತಿ ತಿರುವಿಗೂ ಒಂದು ಬೀದಿನಾಯಿಗಳ ಗುಂಪು, ಪ್ರತಿ ಗುಂಪಿಗೂ ಅದರದೇ ಸರಹದ್ದು. ಒಂದು ಗುಂಪು ಬೊಗಳುತ್ತಾ ಬೀಳ್ಕೊಟ್ಟರೆ ಮುಂದಿನದು ಬೊಗಳುತ್ತಾ ಬರಮಾಡಿಕೊಳ್ಳುತ್ತದೆ. ನಿಮ್ಮ ಲ್ಯಾಬ್ರಡಾರ್ ಕಾಲಿನ ಸಂದಿಗೆ ಸೇರಿಕೊಳ್ಳುತ್ತದೆ, ಹತ್ತು ನಿಮಿಷಕ್ಕೆ ಇಬ್ಬರೂ ಮನೆಗೆ ವಾಪಸ್. ಬಹಳ ನಾಯಿಗಳ ಬದುಕು ಗೇಟಿನಿಂದ ತುಳಸಿಕಟ್ಟೆಯವರೆಗೆ, ಅಷ್ಟೆ. ಆದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ತೆಗೆದು ನೋಡಿ. ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದನ್ನೂ ಅದು ಅಪರಾಧದ ಸಾಲಿಗೆ ಸೇರಿಸಿದೆ. ನಾಯಿಯನ್ನು ನಡೆಸು ಎಂದು ಕಾನೂನೇ ಹೇಳುವಾಗ, ಎಲ್ಲಿ ನಡೆಸಲಿ ಎಂದು ಕೇಳುವುದು ಶೋಕಿಯ ಮಾತಲ್ಲ.

ಇನ್ನು ನಾಯಿಗೂ ಮಲೆನಾಡಿನ ಹಾದಿಗೂ ಇರುವ ನಂಟು ಇವತ್ತಿನದಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ತನ್ನ ನಾಯಿ ಹುಲಿಯನಿಲ್ಲದ ಗುತ್ತಿಯನ್ನು ಊಹಿಸಿಕೊಳ್ಳುವುದು ಕಷ್ಟ; ಅವನಿಗೆ ನಾಯಿಗುತ್ತಿ ಎಂದೇ ಹೆಸರು. ಇಲ್ಲಿ ಗದ್ದೆ ಕಾಯುವವನ ಹಿಂದೆ, ತೋಟಕ್ಕೆ ಹೋಗುವವಳ ಮುಂದೆ ಈಗಲೂ ಒಂದು ನಾಯಿ ಇದ್ದೇ ಇರುತ್ತದೆ. ಕಾಡಂಚಿನ ಹಳ್ಳಿಗಳಲ್ಲಿ ಸಾವಿರಾರು ನಾಯಿಗಳು ಹಗಲಿರುಳು ಅಡ್ಡಾಡಿಕೊಂಡಿರುವಾಗ, ವಾರಕ್ಕೊಮ್ಮೆ ಬೆಲ್ಟಿನಲ್ಲಿ ಬರುವ ನಾಯಿಯೊಂದನ್ನೇ ಅಪರಾಧಿ ಮಾಡುವುದು ನ್ಯಾಯವಲ್ಲ.

ನಾಯಿಯಿಂದ ವನ್ಯಜೀವಿಗಳಿಗೆ ತೊಂದರೆಯಿಲ್ಲ ಎಂದು ನಾನು ವಾದಿಸುವುದಿಲ್ಲ. ಭಾರತದಲ್ಲಿ ನಾಯಿಗಳು ದಾಳಿ ಮಾಡಿದ 80 ವನ್ಯಪ್ರಾಣಿ ಪ್ರಭೇದಗಳನ್ನು ವಿಜ್ಞಾನಿಗಳು ಪಟ್ಟಿ ಮಾಡಿದ್ದಾರೆ, ಅವುಗಳಲ್ಲಿ 31 ಅಪಾಯದಂಚಿನವು. ಆದರೆ ಈ ಹಾವಳಿಯ ಮೂಲ ಹೇಳುವವರು ಕೇಳುವವರಿಲ್ಲದೆ ಅಲೆಯುವ ನಾಯಿ. ಲಸಿಕೆ ಹಾಕಿಸಿಕೊಂಡು, ಆರಡಿ ಬೆಲ್ಟಿನ ತುದಿಯಲ್ಲಿ ಯಜಮಾನನನ್ನು ಕಟ್ಟಿಕೊಂಡು ಬರುವ ನಾಯಿ ಬೇರೆ.

ಬೇರೆ ದೇಶಗಳು ಈ ವ್ಯತ್ಯಾಸ ಗುರುತಿಸಿವೆ. ಅಮೆರಿಕದ ಬಹುತೇಕ ರಾಷ್ಟ್ರೀಯ ಉದ್ಯಾನಗಳಲ್ಲಿ ನಾಯಿಗೆ ಕಾಡುಹಾದಿ ನಿಷಿದ್ಧ, ಆದರೆ ಪಕ್ಕದಲ್ಲೇ ಇರುವ ಇತರ ಸರ್ಕಾರಿ ಕಾಡುಗಳ ಎಷ್ಟೋ ಹಾದಿಗಳು ಬೆಲ್ಟಿನ ನಾಯಿಗೆ ತೆರೆದಿವೆ. ನ್ಯೂಜಿಲೆಂಡ್ ತನ್ನ ಸಂರಕ್ಷಿತ ನೆಲವನ್ನೇ ನಾಯಿ ಬರಬಾರದ್ದು, ಪರವಾನಗಿ ಇದ್ದರೆ ಬರಬಹುದಾದ್ದು, ತೆರೆದದ್ದು ಎಂದು ವಿಂಗಡಿಸಿ ನಕ್ಷೆಯಲ್ಲಿ ತೋರಿಸುತ್ತದೆ.

ನಮ್ಮಲ್ಲಿ ಇದಕ್ಕೆ ಜಾಗವೂ ಇದೆ. ಭದ್ರಾವತಿಯ ಕಾಗದ ಕಾರ್ಖಾನೆ ಎಂಪಿಎಂ ಉತ್ಪಾದನೆ ನಿಲ್ಲಿಸಿ ವರ್ಷಗಳಾದವು, ಅದಕ್ಕೆಂದು ಬೆಳೆಸಿದ ಅಕೇಶಿಯಾ ನೆಡುತೋಪುಗಳು ಹಾಗೇ ನಿಂತಿವೆ. ಒಂದೇ ಜಾತಿಯ ಮರ, ಕೆಳಗೆ ಹುಲ್ಲೂ ಸರಿಯಾಗಿ ಹುಟ್ಟದ ಒಣ ತರಗು. ಅದು ಕಾಡೇ ಅಲ್ಲ ಎಂದು ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಹೋರಾಡಿದ ಪರಿಸರದವರೇ ಹೇಳಿಲ್ಲವೇ? ಊರಿಗೆ ಹತ್ತಿರದ ಅಂಥ ಒಂದೆರಡು ತೋಪು, ಭದ್ರಾ ಮತ್ತು ತುಂಗಾ ಚಾನಲ್ ಏರಿಯ ಒಂದಿಷ್ಟು ದೂರ ಗುರುತಿಸಿದರೆ ಸಾಕು. ಬೆಳಗ್ಗೆ ಏಳರಿಂದ ಹತ್ತರವರೆಗೆ ಮಾತ್ರ ಪ್ರವೇಶ, ರೇಬಿಸ್ ಮತ್ತು ಡಿಸ್ಟೆಂಪರ್ ಲಸಿಕೆಯ ಕಾರ್ಡ್ ಕಡ್ಡಾಯ, ಬೆಲ್ಟ್ ಬಿಚ್ಚಿದರೆ ದಂಡ, ಹೇಲು ಎತ್ತದಿದ್ದರೆ ದಂಡ, ಮಂಗನ ಕಾಯಿಲೆಯ ತಿಂಗಳುಗಳಲ್ಲಿ ಪೂರ್ತಿ ಬಂದ್. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಲಸಿಕೆಯ ತಪಾಸಣೆಗೆ ಅದರ ನೆರವು ಕೇಳಬಹುದು. ಬಂದ ಶುಲ್ಕವನ್ನು ಕಾಡಂಚಿನ ಹಳ್ಳಿಗಳ ನಾಯಿಗಳ ಲಸಿಕೆಗೇ ಬಳಸಲಿ. ಆಗ ನಗರದ ಒಂದು ನಾಯಿಯ ನಡಿಗೆ ಹಳ್ಳಿಯ ಹತ್ತು ನಾಯಿಗಳಿಂದ ಕಾಡಿಗಿರುವ ಅಪಾಯ ಇಳಿಸುತ್ತದೆ. ಬರೀ ‘ಬೇಡ’ ಎನ್ನುವ ಬೋರ್ಡು ಇದುವರೆಗೆ ಒಂದು ನಾಯಿಗೂ ಲಸಿಕೆ ಹಾಕಿಸಿಲ್ಲ.

ವಿರೋಧ: ಗಡಿಯ ಕಲ್ಲು ನಮಗೆ ಕಾಣುತ್ತದೆ, ಆನೆಗೆ ಕಾಣುವುದಿಲ್ಲ

ಮೇಲಿನ ವಾದ ಪೂರ್ತಿ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಅಭಯಾರಣ್ಯದ ಗೆರೆ ದಾಟಿದ ತಕ್ಷಣ ಕಾಡು ಮುಗಿಯುತ್ತದೆ ಎನ್ನುವುದು. ಶಿವಮೊಗ್ಗ ಮತ್ತು ಭದ್ರಾವತಿ ಸೀಮೆಯಲ್ಲಿ ಅದು ಮುಗಿಯುವುದಿಲ್ಲ. ಭದ್ರಾಕ್ಕೂ ಶೆಟ್ಟಿಹಳ್ಳಿಗೂ ನಡುವೆ ಇರುವ ಉಂಬ್ಳೇಬೈಲು ಕಡೆಯ ರೈತರನ್ನು ಕೇಳಿ. ಆನೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ದಾರಿಯಲ್ಲಿ ಯಾರ ಅಡಿಕೆ, ಯಾರ ಬಾಳೆ ಮುರಿಯಿತು ಎಂದು ಹೇಳುತ್ತಾರೆ. ಕಾಡೇ ಅಲ್ಲ ಎಂದು ತಳ್ಳಿಹಾಕಿದ ಅಕೇಶಿಯಾ ತೋಪು ಆನೆಗೆ, ಕಾಟಿಗೆ, ಚಿರತೆಗೆ ಹಗಲು ಮರೆಯಾಗುವ ಜಾಗ. ಅಕೇಶಿಯಾ ಬೇಡ ಎಂದು ಹೋರಾಡಿದವರು ಕೇಳಿದ್ದು ಅಲ್ಲಿ ನೈಸರ್ಗಿಕ ಕಾಡು ಮರಳಿ ಬರಲಿ ಎಂದು, ವಾಕಿಂಗ್ ಪಾರ್ಕ್ ಬರಲಿ ಎಂದಲ್ಲ.

ಅಂಥ ತೋಪಿನಲ್ಲಿ ನಾಯಿ ಆನೆಯನ್ನು ಕಂಡರೆ ಏನಾಗುತ್ತದೆ ಎಂದು ಮಾವುತರಿಗೂ ಅರಣ್ಯ ವಾಚರುಗಳಿಗೂ ಗೊತ್ತು. ನಾಯಿ ಮೊದಲು ಬೊಗಳುತ್ತದೆ. ಆನೆ ತಿರುಗಿ ಎರಡು ಹೆಜ್ಜೆ ಮುಂದೆ ಬಂದರೆ ನಾಯಿ ಓಡುತ್ತದೆ. ಓಡುವುದು ಹಳುವಿನ ಕಡೆಗಲ್ಲ, ತನ್ನನ್ನು ಸಾಕಿದವನ ಕಡೆಗೆ, ಆನೆಯನ್ನು ಬೆನ್ನಿಗೆ ಹಾಕಿಕೊಂಡು. ಬೆಲ್ಟ್ ಕೈಗೆ ಸುತ್ತಿಕೊಂಡವನ ಗತಿ ಇನ್ನೂ ಕಷ್ಟ. ಚಿರತೆಯ ಲೆಕ್ಕ ಇನ್ನೂ ಸರಳ: ಅದಕ್ಕೆ ನಾಯಿ ಸುಲಭದ ಊಟ. ನಾಯಿಯ ವಾಸನೆಗೆ ರೂಢಿಯಾದ ಚಿರತೆ ಆ ಹಾದಿಯಿಂದ ಕೊಟ್ಟಿಗೆಯವರೆಗೆ ಬಂದರೆ ಬೋನು ಇಡುವ ಕೆಲಸ ಇಲಾಖೆಗೆ, ರಾತ್ರಿಯ ಭಯ ಹಳ್ಳಿಯವರಿಗೆ. ನಡೆದು ಬಂದವರು ಅಷ್ಟೊತ್ತಿಗೆ ಶಿವಮೊಗ್ಗ ಸೇರಿರುತ್ತಾರೆ.

ಬೆಲ್ಟ್ ಇದ್ದರೆ ಸಾಕು ಎನ್ನುವ ಮಾತಿಗೆ ಆಸ್ಟ್ರೇಲಿಯಾದಲ್ಲಿ ಉತ್ತರ ಸಿಕ್ಕಿದೆ. ಸಿಡ್ನಿಯ ಹೊರವಲಯದ ಕಾಡುಹಾದಿಗಳಲ್ಲಿ ಬೆಲ್ಟ್ ಹಾಕಿದ ನಾಯಿಗಳನ್ನೇ ನಡೆಸಿ, ಅದರ ಬೆನ್ನಿಗೇ ಹಕ್ಕಿಗಳನ್ನು ಎಣಿಸಿದರು. 2007ರಲ್ಲಿ ಪ್ರಕಟವಾದ ಫಲಿತಾಂಶ: ಕಾಣಿಸಿದ ಹಕ್ಕಿ ಪ್ರಭೇದಗಳು ಶೇ 35ರಷ್ಟು, ಹಕ್ಕಿಗಳ ಸಂಖ್ಯೆ ಶೇ 41ರಷ್ಟು ಕಡಿಮೆ. ದಿನಾ ನಾಯಿ ಓಡಾಡುವ ಜಾಗದಲ್ಲೂ ಹಕ್ಕಿಗಳು ಅದಕ್ಕೆ ಒಗ್ಗಿಕೊಂಡಿರಲಿಲ್ಲ. ನ್ಯೂಜಿಲೆಂಡನ್ನು ಮಾದರಿಯಾಗಿ ತೋರಿಸುವವರು ಅದರ ಇನ್ನೊಂದು ಕತೆಯನ್ನೂ ಹೇಳಬೇಕು. 1987ರಲ್ಲಿ ವೈಟಾಂಗಿ ಕಾಡಿಗೆ ನುಗ್ಗಿದ ಒಂದೇ ಒಂದು ಜರ್ಮನ್ ಶೆಫರ್ಡ್, ಸಂಶೋಧಕರು ಟ್ರಾನ್ಸ್‌ಮಿಟರ್ ಕಟ್ಟಿದ್ದ 24 ಕಿವಿ ಹಕ್ಕಿಗಳಲ್ಲಿ 13ನ್ನು ಕೊಂದಿತು. ಅದರ ಮೇಲೆ ಲೆಕ್ಕ ಹಾಕಿದರೆ ಆ ಕಾಡಿನ ಸುಮಾರು 900 ಹಕ್ಕಿಗಳಲ್ಲಿ 500ರಷ್ಟು ಸತ್ತಿರಬೇಕು ಎಂದು ಅಂದಾಜಿಸಿದರು. ಆ ದೇಶ ನಕ್ಷೆಯಲ್ಲಿ ಅಷ್ಟು ಬಿಗಿಯಾಗಿ ಗೆರೆ ಎಳೆದಿರುವುದು ಇಂಥದ್ದನ್ನು ಅನುಭವಿಸಿದ ಮೇಲೆ.

ರೋಗದ ಮಾತಿಗೆ ಬರೋಣ. 2018ರಲ್ಲಿ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 23 ಸಿಂಹಗಳು ಸತ್ತವು, ಸತ್ತ ಸಿಂಹಗಳಲ್ಲಿ ಕೆನೈನ್ ಡಿಸ್ಟೆಂಪರ್ ವೈರಸ್ ಪತ್ತೆಯಾಯಿತು. ಅದು ನಾಯಿಗಳಿಗೆ ಬರುವ ರೋಗ. ಭದ್ರಾದಲ್ಲಿ ಹುಲಿ, ಚಿರತೆಯ ಜೊತೆ ನಾಯಿಯ ಸಂಬಂಧಿಯೇ ಆದ ಸೀಳುನಾಯಿಯೂ ಇದೆ. ಶಿವಮೊಗ್ಗ ನಗರದಿಂದ ಸಾಗರ ರಸ್ತೆಯಲ್ಲಿ ಸ್ವಲ್ಪ ಹೋದರೆ ತ್ಯಾವರೆಕೊಪ್ಪದ ಸಫಾರಿಯಲ್ಲಿ ಹುಲಿ ಮತ್ತು ಸಿಂಹಗಳಿವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 33ಎ ಸೆಕ್ಷನ್ ಅಭಯಾರಣ್ಯದೊಳಗಿನ ಜಾನುವಾರುಗಳಿಗೆ ಮಾತ್ರವಲ್ಲ, ಸುತ್ತ ಐದು ಕಿಲೋಮೀಟರ್‌ವರೆಗಿನ ಜಾನುವಾರುಗಳಿಗೂ ಲಸಿಕೆ ಹಾಕಿಸಬೇಕು ಎನ್ನುತ್ತದೆ. ಗಡಿಯ ಹೊರಗಿನದೂ ಕಾಡಿನ ಆರೋಗ್ಯಕ್ಕೆ ಸೇರಿದ್ದೇ ಎಂದು ಕಾನೂನು ಒಪ್ಪಿಕೊಂಡಿದೆ, ನಾವು ಒಪ್ಪಿಕೊಳ್ಳುತ್ತಿಲ್ಲ.

ಇನ್ನು ನಮ್ಮ ಜಿಲ್ಲೆಯದೇ ಕಾಡೊಂದರ ಹೆಸರು ಹೊತ್ತು ಜಗತ್ತಿಗೆ ಗೊತ್ತಾದ ರೋಗ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನ ಜ್ವರದಿಂದ ನರಳಿದಾಗ ಪತ್ತೆಯಾದದ್ದು ಮಂಗನ ಕಾಯಿಲೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಹಲವರನ್ನು ಬಲಿ ತೆಗೆದುಕೊಂಡದ್ದನ್ನು ಜಿಲ್ಲೆ ಮರೆತಿಲ್ಲ. ಹಳೆಯ ಲಸಿಕೆ ಪರಿಣಾಮಕಾರಿಯಲ್ಲ ಎಂದು 2022ರ ಹೊತ್ತಿಗೆ ನಿಲ್ಲಿಸಿದರು. ಕಾಡಿಗೆ ಹೋಗುವವರು ರೋಗ ಹರಡುವ ಉಣುಗು ಕಚ್ಚದಂತೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಬೇಕು, ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಬೇಕು. ನಾಯಿಗೆ ಯಾವ ಎಣ್ಣೆ ಹಚ್ಚುತ್ತೀರಿ? ಹಳುವಿನಲ್ಲಿ ಅರ್ಧ ಗಂಟೆ ಓಡಾಡಿದ ನಾಯಿಯನ್ನು ಮಡಿಲಲ್ಲಿ ಮಲಗಿಸಿಕೊಂಡು ನೋಡಿ. ಕಿವಿಯ ಒಳಮಡಿಕೆಯಲ್ಲಿ, ಕಾಲ್ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ಕೂದಲು ಬಿಡಿಸಿದರೆ ಸಾಸಿವೆಗಿಂತ ಸಣ್ಣ ಉಣುಗು ಕಚ್ಚಿಕೊಂಡಿರುತ್ತದೆ. ಮನುಷ್ಯನಿಗೆ ಹೆಚ್ಚಾಗಿ ರೋಗ ಅಂಟಿಸುವುದು ಇಂಥ ಮರಿ ಉಣುಗೇ. ಆ ನಾಯಿ ಮಲಗುವುದು ಮಕ್ಕಳ ಸೋಫಾದ ಮೇಲೆ. ಕಾಯಿಲೆಯ ತಿಂಗಳುಗಳಲ್ಲಿ ಹಾದಿ ಬಂದ್ ಮಾಡೋಣ ಎನ್ನುತ್ತಾರೆ. ಮಂಗನ ಕಾಯಿಲೆ ಕಾಡುವುದು ಡಿಸೆಂಬರಿನಿಂದ ಮೇ ತನಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಮತ್ತು ಜಿಗಣೆ. ಉಳಿಯುವುದು ಒಂದೆರಡು ತಿಂಗಳು. ಅಷ್ಟಕ್ಕಾಗಿ ಬೋರ್ಡು, ಗಾರ್ಡು, ಕಾರ್ಡು ಎಲ್ಲಾ ಮಾಡಬೇಕೆ?

ಚಾನಲ್ ಏರಿಯೂ ಒಳ್ಳೆಯ ಆಯ್ಕೆಯಲ್ಲ. ನೀರು ಬಿಟ್ಟ ದಿನಗಳಲ್ಲಿ ಸಿಮೆಂಟ್ ಇಳಿಜಾರಿಗೆ ಜಾರಿದ ನಾಯಿಗೆ ಉಗುರು ಊರಲು ಜಾಗವಿರುವುದಿಲ್ಲ. ಅದನ್ನು ಎಳೆದುಕೊಳ್ಳಲು ಇಳಿದವರೂ ಕೊಚ್ಚಿಹೋಗುತ್ತಾರೆ.

ಇದೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. 1998ರಲ್ಲಿ ಭದ್ರಾ ಹುಲಿ ಯೋಜನೆಗೆ ಸೇರಿತು. 2001–02ರಲ್ಲಿ ಅಲ್ಲಿನ 11 ಹಳ್ಳಿಗಳ 419 ಕುಟುಂಬಗಳು ಗದ್ದೆ, ಮನೆ, ದೇವರಬನ ಬಿಟ್ಟು ಎಂ.ಸಿ. ಹಳ್ಳಿ ಮತ್ತು ಕೆಳಗೂರಿಗೆ ಹೋದವು. ಆ ಸ್ಥಳಾಂತರವನ್ನು ದೇಶವೇ ಮಾದರಿ ಎಂದು ಕೊಂಡಾಡಿತು. ಕಾಡಿಗೆ ನೆಮ್ಮದಿ ಬೇಕು ಎಂದು ಅವರನ್ನು ಎಬ್ಬಿಸಿದ ನಾವು, ಭಾನುವಾರದ ಬೇಸರ ಕಳೆಯಲು ಅದೇ ಕಾಡಿನ ಬಾಗಿಲಿಗೆ ನಾಯಿ ಹಿಡಿದುಕೊಂಡು ಹೋದರೆ ಅವರಿಗೆ ಯಾವ ಮುಖ ತೋರಿಸುವುದು? ಗುತ್ತಿಯೂ ಅವನ ಹುಲಿಯನೂ ಕಾಡಿನಲ್ಲೇ ಬದುಕಿದವರು, ನಾವು ಪೆಟ್ರೋಲ್ ಹಾಕಿಸಿಕೊಂಡು ಹೋಗುವವರು.

ಆದರೂ ನಾಯಿಗೆ ನಡಿಗೆ ಬೇಕು ಎನ್ನುವುದು ನಿಜ, ಆ ಸಂಕಟವೂ ನಿಜ. ಅದಕ್ಕೆ ಉತ್ತರ ಊರಿನೊಳಗೇ ಇದೆ. ಭದ್ರಾವತಿಯಲ್ಲಿ ವಿಐಎಸ್ಎಲ್ ಉಕ್ಕಿನ ಕಾರ್ಖಾನೆ ಮತ್ತು ಎಂಪಿಎಂ ಕಾಲೊನಿಗಳ ಅಗಲ ರಸ್ತೆಗಳು, ದೊಡ್ಡ ಮರಗಳು, ಹುಲ್ಲು ಬೆಳೆದ ಬಯಲುಗಳು ಮನುಷ್ಯರಿಲ್ಲದೆ ಬಿಕೋ ಎನ್ನುತ್ತಿವೆ. ಶಿವಮೊಗ್ಗದಲ್ಲಿ ಒಂದೆರಡು ಎಕರೆಗೆ ಬೇಲಿ ಹಾಕಿ, ಬೀದಿನಾಯಿ ನುಗ್ಗದಂತೆ ಎರಡು ಗೇಟಿಟ್ಟು, ಒಳಗೆ ಬೆಲ್ಟ್ ಬಿಚ್ಚಿ ಓಡಲು ಬಿಟ್ಟರೆ ನಾಯಿಗೆ ಕಾಡಿನ ಹಾದಿಗಿಂತ ಹೆಚ್ಚು ಸ್ವಾತಂತ್ರ್ಯ ಸಿಗುತ್ತದೆ. ಬೀದಿನಾಯಿಗಳ ಸಂತಾನಹರಣ ಮತ್ತು ಲಸಿಕೆ ಸರಿಯಾಗಿ ನಡೆದರೆ ಗೋಪಾಳದ ತಿರುವುಗಳಲ್ಲೂ ನೆಮ್ಮದಿಯಾಗಿ ನಡೆಯಬಹುದು. ಅರಣ್ಯ ಇಲಾಖೆಗೆ ಬರೆಯುವ ಅರ್ಜಿಯನ್ನು ಮಹಾನಗರ ಪಾಲಿಕೆಗೆ, ಭದ್ರಾವತಿ ನಗರಸಭೆಗೆ ಬರೆಯಿರಿ. ಅದಕ್ಕೆ ಮೊದಲ ಸಹಿ ನನ್ನದು.